ಮುಟ್ಟಿನ ಲೆಕ್ಕ, ಬಸಿರಿನ ಭಯ

ತಿಂಗಳು ತಪ್ಪಿದರೆ ಬಸಿರೆಂದೂ, ನಡುವೆ ರಕ್ತ ಕಂಡರೆ ಒಳಗೇನೋ ಕೆಟ್ಟಿದೆಯೆಂದೂ ಎಣಿಸುವುದು ಸಹಜ ಋತುಚಕ್ರದ ಮಟ್ಟಿಗೆ ಬಹುಪಾಲು ಸರಿಯಾದ ತರ್ಕವೇ. ಆದರೆ ಹಾರ್ಮೋನುಗಳಿರುವ ಗರ್ಭನಿರೋಧಕಗಳು ಆ ಚಕ್ರವನ್ನೇ ಬದಲಿಸಿ ಕೆಲಸ ಮಾಡುವುದರಿಂದ, ಹಳೆಯ ಲೆಕ್ಕವನ್ನು ಹೊಸ ಸ್ಥಿತಿಗೆ ಹಚ್ಚಿದಾಗ ಉತ್ತರ ತಪ್ಪುತ್ತದೆ. ಈ ತಪ್ಪಿಗೆ ಬಳಸುವ ಹೆಂಗಸಿಗಿಂತ, ಅವಳಿಗೆ ಮೊದಲೇ ತಿಳಿಹೇಳದ ವ್ಯವಸ್ಥೆಯೇ ಹೆಚ್ಚು ಹೊಣೆ.

2017ರಿಂದ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ‘ಅಂತರ’ ಎಂಬ ಹೆಸರಿನಲ್ಲಿ ಉಚಿತವಾಗಿ ಕೊಡಲಾಗುತ್ತಿರುವ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳಬೇಕಾದ ಚುಚ್ಚುಮದ್ದು ಇದಕ್ಕೆ ಸ್ಪಷ್ಟ ನಿದರ್ಶನ. ಅದರಲ್ಲಿರುವ ಕೃತಕ ಪ್ರೊಜೆಸ್ಟೋಜನ್ ಅಂಡೋತ್ಸರ್ಗವನ್ನು, ಅಂದರೆ ಅಂಡಾಶಯದಿಂದ ಅಂಡ ಹೊರಬರುವ ಕ್ರಿಯೆಯನ್ನು ತಡೆಯುವುದರ ಜೊತೆಗೆ ಗರ್ಭಕೋಶದ ಒಳಪೊರೆಯನ್ನು ತೆಳುವಾಗಿಸುತ್ತದೆ. ತೆಳುವಾದ ಪೊರೆಯ ರಕ್ತನಾಳಗಳು ಸೂಕ್ಷ್ಮವಾಗಿರುವುದರಿಂದ ಮೊದಲ ತಿಂಗಳುಗಳಲ್ಲಿ ಹೊತ್ತುಗೊತ್ತಿಲ್ಲದೆ ರಕ್ತ ಜಿನುಗುತ್ತದೆ. ಕ್ರಮೇಣ ಕಳಚಿ ಬೀಳಲು ಪೊರೆಯೇ ಉಳಿಯದೆ, ವರ್ಷ ತುಂಬುವ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿಗೆ ಮುಟ್ಟು ನಿಲ್ಲುತ್ತದೆ. ಔಷಧ ಸೋತಿದೆಯೆಂಬುದಕ್ಕೆ ಮೊದಲನೆಯದಾಗಲಿ, ಬಸಿರಾಗಿದೆಯೆಂಬುದಕ್ಕೆ ಎರಡನೆಯದಾಗಲಿ ಸಾಕ್ಷಿಯಲ್ಲ.

ನುಂಗುವ ಮಾತ್ರೆಯ ವಿಷಯ ಇನ್ನೂ ವಿಚಿತ್ರ. ‘ಮಾಲಾ-ಎನ್’ ಪಟ್ಟಿಯ 28 ಮಾತ್ರೆಗಳಲ್ಲಿ 21 ಮಾತ್ರ ಹಾರ್ಮೋನಿನವು, ಉಳಿದ ಏಳು ಕಬ್ಬಿಣಾಂಶದವು. ಈ ಏಳನ್ನು ನುಂಗುವ ವಾರ ಕಾಣುವ ಸ್ರಾವ ಹಾರ್ಮೋನ್ ನಿಂತದ್ದರ ಪರಿಣಾಮವೇ ಹೊರತು ಸಹಜ ಮುಟ್ಟಲ್ಲ. ಬಸಿರಿಲ್ಲವೆಂದು ತಿಂಗಳು ತಿಂಗಳೂ ಸಿಗುವ ಈ ಸಮಾಧಾನವೂ ಪಟ್ಟಿ ರೂಪಿಸಿದವರ ಏರ್ಪಾಡೇ.

ಹಾಗೆಂದು ಭಯಕ್ಕೆ ಎಂದೂ ಆಧಾರವಿಲ್ಲವೆನ್ನಲಾಗದು. ತಪ್ಪದೆ ನುಂಗಿದರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಗರ್ಭ ನಿಲ್ಲದ ಮಾತ್ರೆ, ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಸುಮಾರು ಏಳು ಮಂದಿಯ ಮಟ್ಟಿಗೆ ಸೋಲುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದರ ಬಲವನ್ನು ಕುಗ್ಗಿಸುತ್ತದೆ. ಚುಚ್ಚುಮದ್ದು ಗೊತ್ತಾದ ದಿನದಿಂದ ನಾಲ್ಕು ವಾರಕ್ಕಿಂತ ಹೆಚ್ಚು ತಡವಾದರೂ ಅನುಮಾನ ನ್ಯಾಯವೇ. ಆಗ ರಕ್ತವನ್ನು ಕಾಯುವ ಬದಲು ಆಶಾ ಕಾರ್ಯಕರ್ತೆಯ ಬಳಿಯ ‘ನಿಶ್ಚಯ್’ ಕಿಟ್‌ನಿಂದ ಮೂತ್ರಪರೀಕ್ಷೆ ಮಾಡಿಕೊಳ್ಳುವುದು ಲೇಸು. ಅದು ಹುಡುಕುವುದು ಗರ್ಭ ನಿಂತಾಗ ಹುಟ್ಟುವ ಹಾರ್ಮೋನನ್ನಾದ್ದರಿಂದ ಮಾತ್ರೆ, ಚುಚ್ಚುಮದ್ದುಗಳು ಫಲಿತಾಂಶವನ್ನು ಕೆಡಿಸುವುದಿಲ್ಲ. ಸಂಪರ್ಕವಾಗಿ ಮೂರು ವಾರ ಕಳೆದ ಮೇಲೆ ಕಿಟ್‌ನಲ್ಲಿ ಗರ್ಭವನ್ನು ಸೂಚಿಸುವ ಎರಡನೆಯ ಗೆರೆ ಮೂಡದಿದ್ದರೆ ಆ ಫಲಿತಾಂಶವನ್ನು ನಂಬಬಹುದು. ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವು, ತಲೆಸುತ್ತು ಇದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು. ಗರ್ಭ ಅಂಡನಾಳದಲ್ಲಿ ನಿಂತಿರಬಹುದು.

ಚುಚ್ಚುಮದ್ದಿನ ನಂತರ ರಕ್ತ ಜಿನುಗುತ್ತಿದೆಯೆಂದವಳಿಗೆ ಸಿಗುವ “ಏನೂ ಆಗಲ್ಲಮ್ಮ, ತಾನೇ ಸರಿಹೋಗುತ್ತೆ” ಎಂಬ ಉತ್ತರ ವೈದ್ಯಕೀಯವಾಗಿ ಬಹುಮಟ್ಟಿಗೆ ನಿಜವಾದರೂ ಸಾಲದು. ಮುಟ್ಟಾದವಳು ದೇವರ ಕೋಣೆಗೂ ಅಡುಗೆಮನೆಗೂ ಹೋಗಬಾರದೆನ್ನುವ ಮನೆಯಲ್ಲಿ ಹದಿನೈದು ದಿನದ ಜಿನುಗು ಮನೆಮಂದಿಗೆಲ್ಲ ಗೊತ್ತಾಗುತ್ತದೆ, ಗಂಡನಿಗೂ ಹೇಳದೆ ಚುಚ್ಚಿಸಿಕೊಂಡವಳ ಗುಟ್ಟು ರಟ್ಟಾಗುತ್ತದೆ; ಮೊದಲೇ ರಕ್ತಹೀನತೆಯಿರುವವಳಿಗೆ ಹೆಚ್ಚು ಸ್ರಾವ ಕ್ಷುಲ್ಲಕವೂ ಅಲ್ಲ. ಮಾತ್ರೆಯನ್ನಾದರೆ ನಾಳೆಯೇ ನಿಲ್ಲಿಸಬಹುದು, ಮೈಸೇರಿದ ಚುಚ್ಚುಮದ್ದನ್ನು ಹಿಂತೆಗೆಯಲಾಗದು. ಆದ್ದರಿಂದ ಈ ವಿವರಗಳೆಲ್ಲ ಅವಳ ಕಿವಿಗೆ ಬೀಳಬೇಕಾದದ್ದು ಮೊದಲ ಸೂಜಿಗೆ ಮುಂಚೆ.