ಕಿಸೆಯ ಫೋನು ಸಂಘದ ದಫ್ತರವಾಗಲಿ



ಹತ್ತಿ ಸುಗ್ಗಿಯಲ್ಲಿ ಒಮ್ಮೆ ರಾಯಚೂರಿನ ರಾಜೇಂದ್ರ ಗಂಜಿಗೆ ಹೋಗಿ ನಿಂತು ನೋಡಿರಿ. ಖರೀದಿದಾರನ ಕೈಯಲ್ಲಿ ಒಂದು ಫೋನು. ಹತ್ತಿ ತಂದ ರೈತನ ಕೈಯಲ್ಲೂ ಒಂದು ಫೋನು. ಎರಡಕ್ಕೂ ಅದೇ ರೀಚಾರ್ಜು, ಅದೇ ನೆಟ್ಟು. ಖರೀದಿದಾರ ಅದರಲ್ಲಿ ಆದೋನಿ ದರ ಏನು, ವರಂಗಲ್ ದರ ಏನು, ಜಿನ್ನಿಂಗ್ ಮಿಲ್ಲಿಗೆ ಇವತ್ತು ಎಷ್ಟು ಮಾಲು ಬೇಕು ಎಂದು ವಿಚಾರಿಸುತ್ತಿರುತ್ತಾನೆ. ನಮ್ಮವನು ಯಾರೋ ಕುಣಿಯುವ ವಿಡಿಯೋ ನೋಡುತ್ತ ಸರದಿ ಕಾಯುತ್ತಿರುತ್ತಾನೆ. ದರ ಹೇಳಿದಾಗ ತಲೆ ಎತ್ತಿ, ‘ಆಯ್ತು ಬಿಡ್ರಿ, ಹಾಕ್ಕೊಳ್ರಿ’ ಅಂತಾನೆ. ಅಲ್ಲಿಗೆ ವರ್ಷದ ಬೆವರಿನ ಲೆಕ್ಕ ಮುಗೀತು.

ರೈತನನ್ನು ಹಂಗಿಸಲಿಕ್ಕೆ ಈ ಮಾತು ಹೇಳುತ್ತಿಲ್ಲ. ನಾನೂ ಹೀಗೇ ತಲೆ ಅಲ್ಲಾಡಿಸಿ ಬರಿಗೈಲೆ ಮನೆಗೆ ಬಂದವನು. ಆದರೆ ಯೋಚನೆ ಮಾಡಿ ನೋಡಿರಿ, ಇಬ್ಬರ ಫೋನಿಗೂ ಫರಕೇನು? ವ್ಯಾಪಾರಿಯ ಫೋನಿನ ಹಿಂದೆ ಇನ್ನೂ ನಲವತ್ತು ವ್ಯಾಪಾರಿಗಳಿದ್ದಾರೆ. ನಮ್ಮ ಫೋನಿನ ಹಿಂದೆ ಯಾರೂ ಇಲ್ಲ. ಅವರದು ಸಂಘ, ನಮ್ಮದು ಒಂಟಿತನ. ಈ ತಿಂಗಳ ಮಾತು ಇಷ್ಟೇ.

ಕಡಿಮೆ ಖರ್ಚಿನ ಸಾಧನ ಹಿಡಿದು ದೊಡ್ಡ ಕೆಲಸ ಮಾಡುವುದು ರೈತ ಚಳವಳಿಗೆ ಹೊಸದೇನಲ್ಲ. 1980ರಲ್ಲಿ ನರಗುಂದ–ನವಲಗುಂದದಲ್ಲಿ ಗುಂಡು ಹಾರಿದ ಮೇಲೆ ಊರೂರಿಗೆ ರೈತ ಸಂಘ ಎದ್ದು ನಿಂತಿತಲ್ಲ, ಆಗ ಹಿರಿಯರ ಕೈಯಲ್ಲಿ ಇದ್ದದ್ದೇನು? ಒಂದು ಸೈಕಲ್ಲು, ಬಾಡಿಗೆ ಜೀಪು, ಅದರ ಮೇಲೊಂದು ಮೈಕು, ಗೋಡೆ ಬರೆಯಲು ಸುಣ್ಣ–ಕೆಮ್ಮಣ್ಣು, ಹದಿನೈದು ಪೈಸೆಯ ಪೋಸ್ಟ್ ಕಾರ್ಡು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಎಂದು ಹಳ್ಳಿಯ ಬಾಗಿಲಿಗೆ ಫಲಕ ಹಾಕಿದರು. ಒಂದು ತಗಡು, ಒಂದು ಡಬ್ಬಿ ಬಣ್ಣ, ಅಷ್ಟೇ ಖರ್ಚು. ಜಪ್ತಿಗೆ ಬಂದ ಜೀಪು ಆ ಫಲಕ ನೋಡಿ ಯೋಚನೆ ಮಾಡುವಂತಾಯಿತು. ಜೀಪು ಹೆದರಿದ್ದು ತಗಡಿಗಲ್ಲ, ಅದರ ಹಿಂದಿದ್ದ ಊರಿಗೆ.

ನಮ್ಮ ಜಿಲ್ಲೆಯದೇ ಒಂದು ಮಾತು ನೆನಪು ಮಾಡುತ್ತೇನೆ. 1998ರ ನವೆಂಬರ್ 28ರಂದು ಸಿಂಧನೂರು ಕಡೆ ಮಾನ್ಸಾಂಟೋ ಕಂಪನಿಯ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ರೈತ ಸಂಘದವರು ಕಿತ್ತು ಸುಟ್ಟರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕರೆ ಇ–ಮೇಲ್ ಮೂಲಕ ಹೊರದೇಶದ ಸಂಘಟನೆಗಳಿಗೂ ಮುಟ್ಟಿತ್ತು. ಆಗ ನಮ್ಮ ಹಳ್ಳಿಗಳಲ್ಲಿ ಒಂದು ಟೆಲಿಫೋನು ಸಿಗುವುದೇ ಕಷ್ಟ, ಇ–ಮೇಲ್ ಅಂದರೆ ಏನೆಂದು ಗೊತ್ತಿದ್ದವರು ಎಷ್ಟು ಮಂದಿ? ಆದರೂ ರಾಯಚೂರಿನ ಕಪ್ಪು ಮಣ್ಣಿನ ಸುದ್ದಿ ಸಮುದ್ರ ದಾಟಿತು. ಬಿಟಿ ಸರಿಯೋ ತಪ್ಪೋ ಎನ್ನುವ ವಾದ ಇಲ್ಲಿ ಬೇಡ. ಅಂದು ಇಡೀ ಜಿಲ್ಲೆಗೆ ಇಲ್ಲದ ಸಾಧನ ಇಂದು ಕುರಿ ಕಾಯುವ ಹುಡುಗನ ಕಿಸೆಯಲ್ಲಿದೆ. ಅದನ್ನು ನಾವು ಯಾವುದಕ್ಕೆ ಬಳಸುತ್ತಿದ್ದೇವೆ?

ನಾವು ಬಳಸಲಿ ಬಿಡಲಿ, ನಮ್ಮ ಮೇಲೆ ಅದನ್ನು ಬಳಸುವವರು ಬಿಟ್ಟಿಲ್ಲ. ಪಹಣಿ ಕಂಪ್ಯೂಟರಿಗೆ ಹೋಗಿ ಎರಡು ದಶಕ ದಾಟಿತು. 2014ರಿಂದ ರಾಜ್ಯದ ಎಪಿಎಂಸಿಗಳಿಗೆ ಆನ್‌ಲೈನ್ ಟೆಂಡರ್ ಬಂತು. ಬೆಳೆ ಸಮೀಕ್ಷೆಗೆ ಆ್ಯಪ್ ಬಂತು. ಬೆಳೆ ವಿಮೆ ಆನ್‌ಲೈನ್ ಆಯಿತು. 2023ರ ಜನವರಿಯಿಂದ ಉದ್ಯೋಗ ಖಾತ್ರಿಯ ಕೂಲಿಯವರಿಗೆ ದಿನಕ್ಕೆ ಎರಡು ಫೋಟೋ ಹಾಜರಿ ಕಡ್ಡಾಯ ಮಾಡಿದರು. ಫೋಟೋ ಏರದಿದ್ದರೆ ದುಡಿದವಳ ಕೂಲಿಗೆ ಸಂಚಕಾರ. 2025ರ ಹಂಗಾಮಿಗೆ ಭಾರತೀಯ ಹತ್ತಿ ನಿಗಮದವರು ‘ಕಪಾಸ್ ಕಿಸಾನ್’ ಆ್ಯಪಿನಲ್ಲಿ ಹೆಸರು ಹಚ್ಚಿದವರ ಹತ್ತಿಯನ್ನೇ ಬೆಂಬಲ ಬೆಲೆಗೆ ತಗೋತೀವಿ ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬುದು ಹಳೇ ಗಾದೆ. ಈಗ ಪೂಜಾರಿ ಕೊಟ್ಟರೂ ಸರ್ವರ್ ಕೊಡೋದಿಲ್ಲ! ದೇವದುರ್ಗದ ಆನ್‌ಲೈನ್ ಅಂಗಡಿಗಳ ಮುಂದೆ ಆಧಾರ್ ಹಿಡಿದು ನಿಂತ ನಮ್ಮ ಮಂದಿಯನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಬ್ಬೊಬ್ಬರೇ ನಿಂತಿದ್ದಾರೆ. ಒಬ್ಬೊಬ್ಬರೇ ಬೈಸಿಕೊಳ್ಳುತ್ತಾರೆ. ಒಬ್ಬೊಬ್ಬರೇ ತಿರುಗಿ ಬರುತ್ತಾರೆ.

ಹಾಗಾದರೆ ಸಂಘ ಏನು ಮಾಡಬೇಕು? ದೊಡ್ಡ ಯೋಜನೆ ಬೇಡ. ಈಗ ಕೈಯಲ್ಲಿರುವ ಫೋನು ಸಾಕು. ಐದು ಕೆಲಸ ಹೇಳುತ್ತೇನೆ.

ಮೊದಲನೆಯದು ದರ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಉದ್ದ ಎಳೆ ಹತ್ತಿಗೆ ಕ್ವಿಂಟಲ್‌ಗೆ 8,110 ರೂಪಾಯಿ, ಮಧ್ಯಮ ಎಳೆಗೆ 7,710, ತೊಗರಿಗೆ 8,000. ಈ ಅಂಕಿ ನಮ್ಮಲ್ಲಿ ಎಷ್ಟು ಜನರ ಬಾಯಲ್ಲಿದೆ? ಗಂಜಿಗೆ ಹೋದ ಸದಸ್ಯ ಅಂದಿನ ಟೆಂಡರಿನ ಹೆಚ್ಚಿನ ದರ, ಕಡಿಮೆ ದರ ಎರಡನ್ನೂ ಸಂಘದ ವಾಟ್ಸಾಪ್ ಗುಂಪಿಗೆ ಹಾಕಲಿ. ಬರೆಯಲು ಬಾರದಿದ್ದರೆ ಬಾಯಿಂದ ಹೇಳಿ ಕಳಿಸಲಿ. ಹತ್ತಿಯ ತೇವ ಎಷ್ಟು ಬಂತು ಎಂಬುದನ್ನೂ ಹೇಳಲಿ. ಶೇಕಡಾ 8ರ ತನಕ ಪೂರ್ತಿ ಬೆಂಬಲ ಬೆಲೆ, 12 ದಾಟಿದರೆ ಹತ್ತಿ ನಿಗಮದ ಕೇಂದ್ರದಲ್ಲಿ ಮಾಲು ವಾಪಸ್ಸು. ಇದು ಮೊದಲೇ ತಿಳಿದರೆ ಅಂಗಳದಲ್ಲೇ ಎರಡು ದಿನ ಒಣಗಿಸಿ ಒಯ್ಯಬಹುದು, ಲಾರಿ ಬಾಡಿಗೆ ದಂಡ ಆಗೋದಿಲ್ಲ. ಟೆಂಡರಿನ ದರ ಸರಿ ಬರಲಿಲ್ಲ ಅಂದರೆ ಮಾಲು ಕೊಡೋದಿಲ್ಲ ಎನ್ನುವ ಹಕ್ಕು ರೈತನಿಗಿದೆ. ಆದರೆ ದರ ಗೊತ್ತಿಲ್ಲದವನಿಗೆ ಒಲ್ಲೆ ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

ಎರಡನೆಯದು ತೂಕ. ನನ್ನ ಮೇಲೆ ಬಂದದ್ದನ್ನೇ ಹೇಳುತ್ತೇನೆ. ಮೂರು ವರ್ಷದ ಹಿಂದೆ ಹತ್ತಿ ಹೇರಿಕೊಂಡು ಒಂದು ಅಂಗಡಿಗೆ ಹೋಗಿದ್ದೆ. ದಾರಿಯಲ್ಲಿ ವೇಬ್ರಿಜ್ ಮೇಲೆ ತೂಗಿಸಿದ್ದಕ್ಕೂ ಅಂಗಡಿಯ ಕಾಟಾಕ್ಕೂ ಅರವತ್ತು ಕೆಜಿ ಫರಕು. ಕೇಳಿದರೆ, ‘ಚೀಟಿ ತೋರಿಸು’ ಅಂದರು. ಚೀಟಿ ಅಂಗಿ ಕಿಸೆಯಲ್ಲಿ ಬೆವರಿಗೆ ತೊಯ್ದು ಅಕ್ಷರ ಅಳಿಸಿ ಹೋಗಿತ್ತು. ನಾಲ್ಕು ಸಾವಿರಕ್ಕೂ ಮೇಲೆ ಹೋಯಿತು. ಮರುವರ್ಷ ಪಿಯುಸಿ ಓದುವ ನನ್ನ ತಮ್ಮನ ಮಗಳು ಸಂಗಡ ಬಂದಿದ್ದಳು. ‘ದೊಡ್ಡಪ್ಪಾ, ತಡೀರಿ’ ಅಂದವಳೇ ವೇಬ್ರಿಜ್ಜಿನ ಅಂಕಿ, ಚೀಟಿ, ಅಂಗಡಿಯ ಕಾಟಾ ಮೂರಕ್ಕೂ ಫೋಟೋ ಹೊಡೆದಳು. ಅವತ್ತೂ ತೂಕ ಕಡಿಮೆ ಬಂತು. ಫೋಟೋ ಮುಂದೆ ಹಿಡಿದಾಗ ಅದೇ ಅಂಗಡಿಯವರು ಮಾತಾಡದೆ ಮತ್ತೊಮ್ಮೆ ತೂಗಿದರು, ಲೆಕ್ಕ ಸರಿ ಹೋಯಿತು. ಒಂದು ಪೈಸೆ ಖರ್ಚಿಲ್ಲದ ಕೆಲಸ. ಆದ್ದರಿಂದ ಬಿಳಿ ಚೀಟಿ ಕೊಟ್ಟರೂ ಫೋಟೋ ಹೊಡೆಯಿರಿ, ಸೂಟು ಎಂದು ತೂಕ ಮುರಿದರೂ ಬರೆದಿಡಿರಿ. ಎಪಿಎಂಸಿಯಲ್ಲಿ ದಲಾಲಿಯನ್ನು ಖರೀದಿದಾರ ಕೊಡಬೇಕೇ ಹೊರತು ರೈತನ ಪಟ್ಟಿಯಲ್ಲಿ ಮುರಿಯುವಂತಿಲ್ಲ. ಒಬ್ಬನ ಚೀಟಿ ಹಿಡಿದು ಹೋದರೆ ಅದು ಜಗಳ. ಐವತ್ತು ಜನರ ಚೀಟಿಗಳ ಫೋಟೋ ಒಟ್ಟಿಗೆ ಹಿಡಿದು ಎಪಿಎಂಸಿ ಕಾರ್ಯದರ್ಶಿಯ ಮುಂದೆ ಸಂಘ ಕುಳಿತರೆ ಅದು ದಾಖಲೆ.

ಮೂರನೆಯದು ನೀರು. ಮಾನ್ವಿ ಕಡೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ನಾಲೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆ ತುಂಬಿ ಹರಿಯುತ್ತಿದ್ದರೆ ಕೊನೆ ಭಾಗದವರು ಆಕಾಶ ನೋಡುತ್ತಾರೆ. ಪ್ರತಿ ವರ್ಷ ರಸ್ತೆ ತಡೆ, ಪ್ರತಿ ವರ್ಷ ಅದೇ ಭರವಸೆ. ‘ಗೇಜು ಕಾಯ್ದುಕೊಂಡೀವಿ’ ಎಂದು ಕಾಗದ ಹೇಳುತ್ತದೆ, ಕಾಲುವೆ ಬೇರೆ ಹೇಳುತ್ತದೆ. ಗೇಜು ಇರುವ ಜಾಗದಲ್ಲಿ ಹತ್ತಿರದ ಊರಿನ ಒಬ್ಬ ಹುಡುಗ ದಿನಾ ಮುಂಜಾನೆ, ಸಂಜೆ ಒಂದೊಂದು ಫೋಟೋ ಹೊಡೆಯಲಿ. ತಾರೀಖು, ಹೊತ್ತು ಫೋನೇ ಬರೆದುಕೊಳ್ಳುತ್ತದೆ. ತಿಂಗಳಿಗೆ ಅರವತ್ತು ಫೋಟೋ ಆಯಿತು. ಅದನ್ನು ಎಂಜಿನಿಯರರ ಮೇಜಿನ ಮೇಲೆ ಹರಡಿ ಮಾತಾಡೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದ ಸುದ್ದಿ ಫೋನಿನಲ್ಲೇ ಊರೂರಿಗೆ ಹಬ್ಬಿತಲ್ಲ. ದುರಂತದ ಸುದ್ದಿಗೆ ಇರುವ ವೇಗ ದಿನದಿನದ ಲೆಕ್ಕಕ್ಕೂ ಬರಲಿ.

ನಾಲ್ಕನೆಯದು ಬೆಳೆ ಮತ್ತು ವಿಮೆ. 2020ರಿಂದ ರೈತ ತಾನೇ ತನ್ನ ಬೆಳೆಯ ಫೋಟೋ ತೆಗೆದು ಬೆಳೆ ಸಮೀಕ್ಷೆಗೆ ಹಾಕಬಹುದು. ಹೊಲದಲ್ಲಿ ತೊಗರಿ ನಿಂತಿದ್ದರೂ ಕಂಪ್ಯೂಟರಿನಲ್ಲಿ ಬೇರೆ ಬೆಳೆ ಬರೆದಿದ್ದರೆ ವಿಮೆಯೂ ಇಲ್ಲ, ಪರಿಹಾರವೂ ಇಲ್ಲ, ಬೆಂಬಲ ಬೆಲೆಯೂ ಇಲ್ಲ. ಹೊಲಕ್ಕೆ ನೀರು ನುಗ್ಗಿ ಅಥವಾ ಆಲಿಕಲ್ಲು ಬಿದ್ದು ಬೆಳೆ ಹಾಳಾದರೆ 72 ತಾಸಿನೊಳಗೆ ತಿಳಿಸಬೇಕು ಎಂಬುದು ಫಸಲ್ ಬಿಮಾ ಯೋಜನೆಯ ನಿಯಮ. ಸಹಾಯವಾಣಿ 14447. ದುಃಖದಲ್ಲಿ ಮೂರು ದಿನ ತಲೆ ಮೇಲೆ ಕೈ ಹೊತ್ತು ಕುಂತರೆ ಮುಗೀತು, ಪ್ರೀಮಿಯಂ ಕಟ್ಟಿದ ದುಡ್ಡು ನೀರಲ್ಲಿ ಹೋಮ. ಊರಿಗೆ ಇಬ್ಬರು ಕಲಿತ ಹುಡುಗ ಹುಡುಗಿಯರು ಮಳೆ ನಿಂತ ಮರುದಿನವೇ ಹೊಲ ಹೊಲ ತಿರುಗಿ ಎಲ್ಲರ ದೂರು ದಾಖಲಿಸಿ, ದೂರಿನ ನಂಬರನ್ನು ಸಂಘದ ಪುಸ್ತಕದಲ್ಲಿ ಬರೆದಿಡಬೇಕು.

ಐದನೆಯದು ಸಾಲ. ಹಿಂದೆ ವಸೂಲಿಯವನು ಊರ ಬಾಗಿಲಲ್ಲಿ ಫಲಕ ನೋಡಿ ನಿಲ್ಲುತ್ತಿದ್ದ. ಈಗ ಅವನು ಫೋನಿನೊಳಗಿಂದ ನೇರ ಅಡುಗೆ ಮನೆಗೇ ಬರುತ್ತಾನೆ. ವಾರದ ಕಂತಿನ ಸಂಘಗಳ ಸಾಲ ತಂದ ನಮ್ಮ ಅಕ್ಕ ತಂಗಿಯರು ಫೋನು ಗುಣುಗುಟ್ಟಿದರೆ ಬೆಚ್ಚಿ ಬೀಳುವ ಸ್ಥಿತಿ ಬಂದಿದೆ. ಅಂಜಬ್ಯಾಡ್ರಿ. ಕಿರುಸಾಲದ ವಸೂಲಿಯಲ್ಲಿ ಬಲವಂತ ಮಾಡುವುದನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬೆದರಿಸಿ, ಅವಮಾನ ಮಾಡಿ ವಸೂಲಿ ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅದರಲ್ಲಿದೆ. ಆದರೆ ಪೊಲೀಸ್ ಠಾಣೆಗೆ ಹೋದಾಗ ಮೊದಲು ಕೇಳುವ ಮಾತು, ‘ಸಾಕ್ಷಿ ಏನೈತಿ?’ ಬೈದ ಕರೆಯನ್ನು ರೆಕಾರ್ಡ್ ಮಾಡಿ ಇಡಿರಿ, ಬಂದ ಮೆಸೇಜು ಅಳಿಸಬೇಡಿರಿ, ಕಂತಿನ ಚೀಟಿ, ದಲಾಲಿ ಅಂಗಡಿಯ ಉದ್ರಿ ಲೆಕ್ಕ ಎಲ್ಲಕ್ಕೂ ಫೋಟೋ ಇರಲಿ. ಸಾಲ ತಂದದ್ದು ಅಪರಾಧವಲ್ಲ. ಬೆಲೆ ಸಿಗದೆ ಬಾಕಿ ಬಿದ್ದದ್ದು ನಾಚಿಕೆ ಪಡುವ ಸಂಗತಿಯೂ ಅಲ್ಲ. ವಸೂಲಿಯವನ ಕರೆ ಬಂದಾಗ ಆ ತಾಯಿಯ ಸಂಗಡ ಸಂಘದ ನಾಲ್ಕು ಜನ ಕೂತಿದ್ದರೆ ಅವನ ದನಿಯೇ ಬದಲಾಗುತ್ತದೆ.

ಇನ್ನು ಎಚ್ಚರಿಕೆಯ ಮಾತು. ಫೋನಿನಿಂದಲೇ ಸಂಘ ಕಟ್ಟುತ್ತೇವೆ ಎಂಬ ಭ್ರಮೆ ಯಾರಿಗೂ ಬೇಡ. 2020–21ರಲ್ಲಿ ದಿಲ್ಲಿಯ ಗಡಿಯಲ್ಲಿ ಪಂಜಾಬ್, ಹರಿಯಾಣದ ರೈತರು ಕುಂತಾಗ ಫೋನಿನಲ್ಲಿ ತಮ್ಮ ಸುದ್ದಿಯನ್ನು ತಾವೇ ಜಗತ್ತಿಗೆ ಹೇಳಿದರು. ಆದರೆ 2021ರ ಜನವರಿ ಕೊನೆಯಲ್ಲಿ ಸರ್ಕಾರ ಅಲ್ಲಿ ಇಂಟರ್ನೆಟ್ಟನ್ನೇ ಕಡಿಯಿತು. ಆಗ ಅವರನ್ನು ಉಳಿಸಿದ್ದು ಟ್ರ್ಯಾಕ್ಟರು, ರೊಟ್ಟಿ, ‘ಟ್ರಾಲಿ ಟೈಮ್ಸ್’ ಎಂಬ ಕಾಗದದ ಪತ್ರಿಕೆ ಮತ್ತು ಪಕ್ಕದಲ್ಲಿ ಕುಂತ ಮನುಷ್ಯ. ಹಾಗಾಗಿ ಸದಸ್ಯರ ಹೆಸರು, ನಂಬರು ಕಾಗದದ ಪುಸ್ತಕದಲ್ಲೂ ಇರಲಿ.

ಕೈಯಲ್ಲಿ ಫೋನಿಲ್ಲದವರು ಇನ್ನೂ ನಮ್ಮೂರಲ್ಲಿದ್ದಾರೆ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಮುದುಕರೇ ಹೆಚ್ಚು. ಗುಂಪಿಗೆ ಬಂದ ದರವನ್ನು ಕಟ್ಟೆಯ ಮೇಲಿನ ಹಲಗೆಗೆ ಸುಣ್ಣದ ಕಡ್ಡಿಯಲ್ಲಿ ಬರೆಯದಿದ್ದರೆ ಆ ಗುಂಪು ಅರ್ಧ ಊರಿನದು. ಜಾತಿ, ಪಾರ್ಟಿ, ಎಲೆಕ್ಷನ್ ಮೆಸೇಜು ಹಾಕುವವರನ್ನು ಒಮ್ಮೆ ಹೇಳಿ, ಎರಡನೇ ಸಲ ಹೊರಗೆ ಹಾಕಿರಿ. ಯಾರೋ ಕಳಿಸಿದ ಸುದ್ದಿಯನ್ನು ಇಬ್ಬರಿಗೆ ಕೇಳಿ ಖಾತ್ರಿ ಮಾಡದೆ ಮುಂದೆ ದೂಡಬೇಡಿರಿ. ಪಿಎಂ ಕಿಸಾನ್ ಪಟ್ಟಿ ಎಂದು ಎಪಿಕೆ ಫೈಲು ಬಂದರೆ ಮುಟ್ಟಬೇಡಿರಿ, ಒಟಿಪಿ ಹೆತ್ತ ಮಗ ಕೇಳಿದರೂ ಒಮ್ಮೆ ಯೋಚಿಸಿರಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಸಂಘದ ಚಂದಾ ಫೋನಿನಲ್ಲಿ ಬಂದರೂ ಸಂಘದ ಖಾತೆಗೇ ಬರಬೇಕು, ಅಧ್ಯಕ್ಷನ ಖಾತೆಗಲ್ಲ. ರಸೀದಿ ಪುಸ್ತಕ ಹರಿಯಲೇಬೇಕು. ಸದಸ್ಯರ ಪಟ್ಟಿಯನ್ನು ಬೀಜ, ಗೊಬ್ಬರದ ಕಂಪನಿಗೆ ಕೊಟ್ಟವನು ಸಂಘ ಮಾರಿದ ಹಾಗೆ.

ಬರುವ ಅಮಾವಾಸ್ಯೆಯೊಳಗೆ ರಾಯಚೂರು, ದೇವದುರ್ಗ, ಮಾನ್ವಿ ಮೂರೂ ತಾಲ್ಲೂಕಿನ ಪ್ರತಿ ಗ್ರಾಮ ಘಟಕ ಇಬ್ಬರನ್ನು ಆರಿಸಲಿ. ಅವರಲ್ಲಿ ಒಬ್ಬಳು ಹೆಣ್ಣುಮಗಳು ಇರಲೇಬೇಕು. ಒಬ್ಬರಿಗೆ ದರ–ತೂಕದ ಹೊಣೆ, ಇನ್ನೊಬ್ಬರಿಗೆ ವಿಮೆ–ಸಾಲದ ಹೊಣೆ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಊರಿನ ಒಂದು ತಿಂಗಳ ತೂಕದ ಲೆಕ್ಕ ಅಚ್ಚು ಮಾಡುತ್ತೇವೆ, ಕಳಿಸಿಕೊಡಿರಿ.

ನಮ್ಮ ಹಿರಿಯರು ಒಂದು ತಗಡಿನ ಫಲಕದಿಂದ ಊರ ಮಾನ ಉಳಿಸಿದರು. ನಮಗೆ ಅದಕ್ಕಿಂತ ನೂರು ಪಟ್ಟು ಸಾಧನ ಸಿಕ್ಕಿದೆ. ಅದನ್ನು ವಿಡಿಯೋ ನೋಡಿ ಸವೆಸಿದೆವು ಎಂದು ಮಕ್ಕಳು ನಾಳೆ ಹೇಳಬಾರದು.

ಕಿಸೆಯಿಂದ ಫೋನು ತೆಗೀರಿ. ಆದರೆ ಮೊದಲು ಪಕ್ಕದ ಹೊಲದವನನ್ನು ಕರೀರಿ.