ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸು

ಹಿರೇಕೆರೂರಿನ ಗೋವಿನಜೋಳದ ಹೊಲದಲ್ಲಾಗಲಿ, ಹಾನಗಲ್ಲಿನ ಭತ್ತದ ಗದ್ದೆಯಲ್ಲಾಗಲಿ ಟ್ರ್ಯಾಕ್ಟರು ಹೊಡೆಯುವ ರೈತನು ಎಂಜಿನನ್ನು ಚಾಲೂ ಮಾಡುವುದಕ್ಕೆ ಮುಂಚೆ ಒಂದು ಸಣ್ಣ ಕೆಲಸವನ್ನು ಮಾಡುತ್ತಾನೆ. ಡಿಪ್‌ಸ್ಟಿಕ್ಕನ್ನು ಹೊರಗೆಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಒಳಗಿಳಿಸಿ ತೆಗೆದು, ಎಣ್ಣೆಯು ಎಲ್ಲಿಯವರೆಗೆ ಹತ್ತಿದೆಯೆಂದು ನೋಡುತ್ತಾನೆ. ಎಣ್ಣೆ ಕಪ್ಪಾಗಿದೆಯೆ, ಸುಟ್ಟ ವಾಸನೆ ಬರುತ್ತಿದೆಯೆ, ನೀರು ಬೆರೆತು ಮಜ್ಜಿಗೆಯ ಬಣ್ಣಕ್ಕೆ ತಿರುಗಿದೆಯೆ ಎಂಬುದು ಆ ಒಂದು ಕಡ್ಡಿಯಿಂದಲೇ ಅವನಿಗೆ ತಿಳಿದುಹೋಗುತ್ತದೆ. ಇದಕ್ಕೆ ಪದವಿಯೂ ಬೇಕಿಲ್ಲ, ಉಪಕರಣವೂ ಬೇಕಿಲ್ಲ.

ಅದೇ ರೈತನ ಮನೆಯ ಮುಂದೆ ಸ್ವಯಂಚಾಲಿತ ಗೇರಿನ ಕಾರೊಂದು ನಿಂತಿತ್ತೆನ್ನಿ. ಅದರ ಗೇರ್‌ಬಾಕ್ಸಿನೊಳಗಿನ ಎಣ್ಣೆಯನ್ನು ನೋಡಲು ಅವನಿಗೆ ದಾರಿಯೇ ಇಲ್ಲ. ಈಚಿನ ಇಂಥ ಕಾರುಗಳಲ್ಲಿ ಬಹುಪಾಲಿಗೆ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಇರುವುದಿಲ್ಲ. ಕೇಳಿದರೆ, ಅದು ಮುಚ್ಚಿದ ಪೆಟ್ಟಿಗೆ, ಒಳಗಿರುವುದು ಜೀವನಪರ್ಯಂತ ಬಾಳುವ ಎಣ್ಣೆ ಎಂಬ ಉತ್ತರ ಬರುತ್ತದೆ. ಯಾರ ಜೀವನ? ಕಾರಿನದೇ, ಯಜಮಾನನದೇ, ಅಥವಾ ಗೇರ್‌ಬಾಕ್ಸಿನದೇ? ಗೇರ್‌ಬಾಕ್ಸಿನದೆಂದಾದರೆ ಆ ಮಾತು ಎಂದಿಗೂ ಸುಳ್ಳಾಗಲಾರದು. ಎಣ್ಣೆ ಕೆಟ್ಟ ದಿನ ಪೆಟ್ಟಿಗೆಯ ಜೀವನವೂ ಮುಗಿಯಿತಲ್ಲ!

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳುವುದು ಅವಶ್ಯ. ನಮ್ಮಲ್ಲಿ ಕ್ಲಚ್ಚಿನ ಪೆಡಲು ಇಲ್ಲದ ಕಾರುಗಳನ್ನೆಲ್ಲ ಒಟ್ಟಾಗಿ ‘ಆಟೋಮ್ಯಾಟಿಕ್’ ಎನ್ನುವುದು ರೂಢಿ. ಆದರೆ ಅವು ಒಂದೇ ಜಾತಿಯವಲ್ಲ. ೨೦೧೪ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಡನೆ ಜನಪ್ರಿಯವಾದ ಎ.ಎಂ.ಟಿ. ಎಂಬುದು ಸಾಮಾನ್ಯ ಗೇರ್‌ಬಾಕ್ಸೇ ಸರಿ. ಕ್ಲಚ್ಚನ್ನೂ ಗೇರನ್ನೂ ಮನುಷ್ಯನ ಕೈಕಾಲಿನ ಬದಲು ಯಂತ್ರವೇ ಆಡಿಸುತ್ತದೆ, ಅಷ್ಟೆ. ಎರಡು ರಾಟೆಗಳ ನಡುವೆ ಪಟ್ಟಿಯೊಂದು ಸರಿದಾಡುವ ಸಿ.ವಿ.ಟಿ. ಬೇರೆ, ಎರಡು ಕ್ಲಚ್ಚುಗಳ ಡಿ.ಸಿ.ಟಿ. ಬೇರೆ, ಟಾರ್ಕ್ ಕನ್ವರ್ಟರ್ ಉಳ್ಳ ಹಳೆಯ ಕುಲದ ಪೆಟ್ಟಿಗೆ ಬೇರೆ. ನಮ್ಮ ರಾಜ್ಯದ ಬಿಡದಿಯಲ್ಲಿ ತಯಾರಾದ ಇನ್ನೋವಾ ಕ್ರಿಸ್ಟಾ ೨೦೧೬ರಲ್ಲಿ ಬಂದಾಗ ಅದರ ಸ್ವಯಂಚಾಲಿತ ಮಾದರಿಯಲ್ಲಿದ್ದುದು ಆರು ಗೇರುಗಳ ಈ ಕೊನೆಯ ಬಗೆ. ಒಂದು ಜಾತಿಯ ಎಣ್ಣೆಯನ್ನು ಇನ್ನೊಂದಕ್ಕೆ ಸುರಿದರೆ ಪೆಟ್ಟಿಗೆ ಹಾಳಾಗುವುದು ಖಂಡಿತ. ನಾವು ಇಲ್ಲಿ ಮುಖ್ಯವಾಗಿ ಟಾರ್ಕ್ ಕನ್ವರ್ಟರಿನ ಪೆಟ್ಟಿಗೆಯನ್ನು ಕುರಿತು ಹೇಳುತ್ತಿದ್ದೇವೆ.

ಇದರ ಮೂಲತತ್ತ್ವ ಸರಳವಾದುದು. ಓಡುತ್ತಿರುವ ವಿದ್ಯುತ್ ಫ್ಯಾನೊಂದರ ಎದುರಿಗೆ, ತಂತಿ ಜೋಡಿಸದ ಮತ್ತೊಂದು ಫ್ಯಾನನ್ನು ಇಟ್ಟರೆ ಅದೂ ತಿರುಗತೊಡಗುತ್ತದೆ. ಗಾಳಿಯ ಸ್ಥಾನದಲ್ಲಿ ಎಣ್ಣೆಯನ್ನು ಕಲ್ಪಿಸಿಕೊಳ್ಳಿರಿ. ಎಂಜಿನಿಗೆ ಸೇರಿದ ಚಕ್ರ ಎಣ್ಣೆಯನ್ನು ಎರಚುತ್ತದೆ. ಆ ಎಣ್ಣೆಯ ರಭಸಕ್ಕೆ ಗೇರುಗಳಿಗೆ ಸೇರಿದ ಚಕ್ರ ತಿರುಗುತ್ತದೆ. ಜರ್ಮನಿಯ ಹೆರ್ಮನ್ ಫೊಟಿಂಗರ್ ಎಂಬ ಎಂಜಿನಿಯರನು ೧೯೦೫ರಲ್ಲಿ ಈ ಉಪಾಯಕ್ಕೆ ಪೇಟೆಂಟು ಪಡೆದುದು ಹಡಗುಗಳಿಗಾಗಿ. ಕಾರುಗಳಲ್ಲಿ ಎಣ್ಣೆಯ ಮೂಲಕ ಶಕ್ತಿಯನ್ನು ಸಾಗಿಸುವ ಸ್ವಯಂಚಾಲಿತ ಪೆಟ್ಟಿಗೆಯು ದೊಡ್ಡ ಪ್ರಮಾಣದಲ್ಲಿ ಬಂದುದು ೧೯೩೯ರಲ್ಲಿ, ಅಮೆರಿಕದ ಜನರಲ್ ಮೋಟಾರ್ಸಿನ ಹೈಡ್ರಾಮ್ಯಾಟಿಕ್ ಹೆಸರಿನಲ್ಲಿ.

ಆದರೆ ಎಣ್ಣೆಯ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಗೇರುಗಳ ಹಲ್ಲು ಸವೆಯದಂತೆ ಜಾರಿಸುವುದು ಅದೇ, ಬಿಸಿಯನ್ನು ಹೊತ್ತು ಹೊರಗಿನ ತಣ್ಣಗಾರಕಕ್ಕೆ ಮುಟ್ಟಿಸುವುದು ಅದೇ, ಸಣ್ಣ ಕವಾಟಗಳ ಮೂಲಕ ಒತ್ತಡವಾಗಿ ಹರಿದು ಗೇರನ್ನು ಬದಲಿಸುವುದೂ ಅದೇ. ಎಲ್ಲಕ್ಕಿಂತ ವಿಚಿತ್ರವಾದ ಕೆಲಸ ಇನ್ನೊಂದಿದೆ. ಪೆಟ್ಟಿಗೆಯೊಳಗಿನ ಕ್ಲಚ್ಚಿನ ಬಿಲ್ಲೆಗಳು ಎಣ್ಣೆಯಲ್ಲಿ ಮುಳುಗಿಯೇ ಒಂದನ್ನೊಂದು ಹಿಡಿಯಬೇಕು. ಹಲ್ಲುಗಳಲ್ಲಿ ಜಾರಿಸಬೇಕಾದ ಎಣ್ಣೆ ಬಿಲ್ಲೆಗಳಲ್ಲಿ ಜಾರಿಸಕೂಡದು! ಈ ಎರಡು ವಿರುದ್ಧ ಗುಣಗಳನ್ನು ಒಂದೇ ದ್ರವದಲ್ಲಿ ಕೂಡಿಸಲು ರಸಾಯನಶಾಸ್ತ್ರಜ್ಞರು ಪಟ್ಟ ಪಾಡು ಅಷ್ಟಿಷ್ಟಲ್ಲ. ಹಿಂದೆ ಈ ಹದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ೧೯೭೦ರ ದಶಕದ ಮೊದಲಲ್ಲಿ ಅಮೆರಿಕದಲ್ಲಿ ಅದರ ಬಳಕೆಗೆ ನಿಷೇಧ ಬಂದ ಮೇಲೆ ಕೃತಕ ವಸ್ತುಗಳನ್ನು ಹುಡುಕಬೇಕಾಯಿತು. ತಿಮಿಂಗಿಲಗಳ ಪುಣ್ಯ ಎನ್ನಬೇಕು.

ಹೀಗೆ ಹದವಾಗಿ ಬೆರೆಸಿದ ದ್ರವವು ಎಂದೆಂದಿಗೂ ಹಾಗೆಯೇ ಇರಬಲ್ಲುದೆ? ಇರಲಾರದು. ಶಾಖದಲ್ಲಿ ಗಾಳಿಯ ಆಮ್ಲಜನಕ ಎಣ್ಣೆಯೊಡನೆ ಕೂಡಿ ಅದನ್ನು ಕೆಡಿಸುತ್ತದೆ. ಉಷ್ಣತೆ ಪ್ರತಿ ೧೦ ಡಿಗ್ರಿ ಏರಿದಾಗಲೂ ಇಂಥ ಕ್ರಿಯೆಯ ವೇಗವು ಸುಮಾರಾಗಿ ಇಮ್ಮಡಿಯಾಗುವುದೆಂಬ ಸ್ಥೂಲ ನಿಯಮವನ್ನು ಕಾಲೇಜಿನ ವಿದ್ಯಾರ್ಥಿಗಳು ಓದಿರುತ್ತಾರೆ. ೯೦ ಡಿಗ್ರಿಯಲ್ಲಿ ಎಂಟು ವರ್ಷ ಬಾಳುವ ಎಣ್ಣೆಯನ್ನು ೧೧೦ ಡಿಗ್ರಿಯಲ್ಲಿ ದುಡಿಸಿದರೆ ಎರಡೇ ವರ್ಷ. ಇದರ ಜೊತೆಗೆ ಬಿಲ್ಲೆಗಳ ಸವೆತದ ಪುಡಿ ಬೇರೆ. ಅನೇಕ ಕಾರು ಕಂಪನಿಗಳಿಗೆ ಗೇರ್‌ಬಾಕ್ಸುಗಳನ್ನು ಮಾಡಿಕೊಡುವ ಜರ್ಮನಿಯ ಜ಼ಡ್.ಎಫ್. ಸಂಸ್ಥೆಯು, ತನ್ನ ಸ್ವಯಂಚಾಲಿತ ಪೆಟ್ಟಿಗೆಗಳ ಎಣ್ಣೆಯನ್ನು ೮೦,೦೦೦ದಿಂದ ೧,೨೦,೦೦೦ ಕಿಲೋಮೀಟರಿನೊಳಗೆ ಬದಲಿಸಬೇಕೆಂದು ತಾನೇ ಸಲಹೆ ಕೊಡುತ್ತದೆ. ಪೆಟ್ಟಿಗೆಯನ್ನು ಮಾಡಿದವನು ಬದಲಿಸೆನ್ನುತ್ತಾನೆ, ಅದನ್ನು ಕಾರಿಗೆ ಜೋಡಿಸಿ ಮಾರಿದವನು ಬೇಡವೆನ್ನುತ್ತಾನೆ. ನಾವಂತೂ ಮಾಡಿದವನ ಮಾತನ್ನು ನಂಬುವವರು.

ಇನ್ನು ನಮ್ಮ ಸೀಮೆಯ ಸ್ಥಿತಿಯನ್ನು ನೋಡೋಣ. ಕಾರಿನ ಕೈಪಿಡಿಗಳಲ್ಲಿ ಸಾಮಾನ್ಯ ಬಳಕೆ, ಕಠಿಣ ಬಳಕೆ ಎಂದು ಎರಡು ಪಟ್ಟಿಗಳಿರುವುದುಂಟು. ಹೆಚ್ಚು ಶಾಖ, ಧೂಳು, ತುಂಬಿದ ಭಾರ, ಘಟ್ಟದ ಏರು, ನಿಂತು ನಿಂತು ಸಾಗುವ ಪಯಣ ಇವೆಲ್ಲ ಕಠಿಣ ಬಳಕೆಯ ಲಕ್ಷಣಗಳು. ಶಿಗ್ಗಾಂವಿಯ ಬಳಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಓಡುವ ಕಾರಿಗೆ ಅಷ್ಟು ಶ್ರಮವಿಲ್ಲದಿರಬಹುದು. ಆದರೆ ಮದುವೆಯ ದಿಬ್ಬಣದವರನ್ನು ತುಂಬಿಕೊಂಡು ಹಾನಗಲ್ಲಿನಿಂದ ಶಿರಸಿಗೆ ಹೋಗಿ, ದೇವಿಮನೆ ಘಟ್ಟವನ್ನು ಇಳಿದು ಕುಮಟೆಯನ್ನು ಮುಟ್ಟಿ, ಮತ್ತೆ ಅದೇ ಘಟ್ಟವನ್ನು ಹತ್ತಿ ಬರುವ ಕಾರು? ಸುಗ್ಗಿಯಲ್ಲಿ ಹಳ್ಳಿಯ ರಸ್ತೆಯ ಅರ್ಧಕ್ಕೆ ಗೋವಿನಜೋಳವನ್ನು ಹರವಿರುವಾಗ ಆಮೆಯಂತೆ ಸಾಗುವ ಕಾರು? ಬೇಸಗೆಯ ಮಧ್ಯಾಹ್ನ ಸವಣೂರಿನ ಸಂತೆಯ ದಟ್ಟಣೆಯಲ್ಲಿ ಸಿಲುಕಿದ ಕಾರು? ನಮ್ಮಲ್ಲಿ ಕಠಿಣ ಬಳಕೆಯೇ ಸಾಮಾನ್ಯ ಬಳಕೆ.

ನೀರಿನ ಭಯವೊಂದು ಬೇರೆ. ‘ಮುಚ್ಚಿದ ಪೆಟ್ಟಿಗೆ’ ಎಂಬ ಹೆಸರನ್ನು ಕೇಳಿ ಅದು ಗಾಳಿಯಾಡದಂತೆ ಬಿಗಿದುದೆಂದು ವಾಚಕರು ಭಾವಿಸಬಾರದು. ಬಿಸಿಯಾದಾಗ ಒಳಗಿನ ಗಾಳಿ ಹೊರಹೋಗಲು, ಆರಿದಾಗ ಒಳಬರಲು ಅದಕ್ಕೊಂದು ಉಸಿರುಗೊಳವೆ ಇರುತ್ತದೆ. ೨೦೧೯ರ ಆಗಸ್ಟಿನಲ್ಲಿ ವರದಾ ನದಿ ಉಕ್ಕಿ ಹಾನಗಲ್ಲ ಮತ್ತು ಸವಣೂರು ಕಡೆಯ ಊರುಗಳನ್ನು ಕಾಡಿದುದು ಎಲ್ಲರಿಗೂ ನೆನಪಿದೆ. ಅಂಥ ನೀರಿನಲ್ಲಿ ಕಾರು ಮುಳುಗಿ ನಿಂತರೆ ಬಿಸಿ ಪೆಟ್ಟಿಗೆ ಫಕ್ಕನೆ ತಣ್ಣಗಾಗಿ ಉಸಿರುಗೊಳವೆಯಿಂದಲೇ ನೀರನ್ನು ಹೀರಿಕೊಳ್ಳಬಹುದು. ಬಿಲ್ಲೆಗಳ ಮೇಲಿನ ಕಾಗದದಂಥ ಪದರಕ್ಕೆ ನೀರು ಶತ್ರು; ಅಂಟು ಬಿಟ್ಟು ಪದರ ಕಳಚಿಬರುತ್ತದೆ. ಡಿಪ್‌ಸ್ಟಿಕ್ ಇದ್ದಿದ್ದರೆ ಎಣ್ಣೆ ಬಿಳುಪೇರಿದುದು ಮರುದಿನವೇ ಕಾಣುತ್ತಿತ್ತು. ಇಲ್ಲದಿರುವಾಗ, ಕೆಲವು ತಿಂಗಳ ಮೇಲೆ ಕಾರು ಏರಿನಲ್ಲಿ ಜಾರತೊಡಗಿದಾಗ ಕಾಣುತ್ತದೆ. ಅಷ್ಟರಲ್ಲಿ ಅದು ಇನ್ನೊಬ್ಬನಿಗೆ ಮಾರಾಟವಾಗಿದ್ದರೂ ಆಗಿರಬಹುದು. ಹೊಸ ಪೆಟ್ಟಿಗೆಯ ಬೆಲೆ ಲಕ್ಷಗಳ ಲೆಕ್ಕದ್ದು. ಹಳೆಯ ಕಾರನ್ನು ಕೊಂಡವನಿಗೆ ಅದು ಕಾರಿನ ಬೆಲೆಯ ದೊಡ್ಡ ಪಾಲು.

ಕಂಪನಿಗಳ ಪಕ್ಷದಲ್ಲಿ ಹೇಳಬೇಕಾದುದೂ ಉಂಟು. ಡಿಪ್‌ಸ್ಟಿಕ್ಕಿನ ಕಾಲದಲ್ಲಿ ಯಾವ ಎಣ್ಣೆ ಸಿಕ್ಕಿದರೆ ಅದನ್ನು ಸುರಿದವರಿದ್ದರು, ಬೇಕಾದುದಕ್ಕಿಂತ ಹೆಚ್ಚು ಸುರಿದವರಿದ್ದರು, ಕೊಳಕು ಬಟ್ಟೆಯಿಂದ ಕಡ್ಡಿಯನ್ನು ಒರೆಸಿ ಮಣ್ಣನ್ನು ಒಳಗೆ ಕಳಿಸಿದವರಿದ್ದರು. ಮಟ್ಟ ಹೆಚ್ಚಾದರೆ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಯಿಂದ ಒತ್ತಡ ಹುಟ್ಟುವುದಿಲ್ಲ. ಮೇಲಾಗಿ ಎಣ್ಣೆಯ ಮಟ್ಟ ಉಷ್ಣತೆಯೊಡನೆ ಏರಿಳಿಯುತ್ತದೆ. ಇಂಥ ಎಣ್ಣೆ ಒಂದು ಡಿಗ್ರಿಗೆ ತನ್ನ ಗಾತ್ರದ ಹತ್ತುಸಾವಿರದಲ್ಲಿ ಏಳು ಪಾಲಿನಷ್ಟು ಹಿಗ್ಗುತ್ತದೆಂದು ಹಿಡಿಯೋಣ. ೭ ಲೀಟರ್ ಎಣ್ಣೆಯು ೩೦ ಡಿಗ್ರಿಯಿಂದ ೯೦ ಡಿಗ್ರಿಗೆ ಏರಿದಾಗ ಹಿಗ್ಗುವುದು ಹತ್ತಿರ ಹತ್ತಿರ ೩೦೦ ಮಿಲಿಲೀಟರ್. ಅಂದರೆ ಉಷ್ಣತೆಯನ್ನು ತಿಳಿಯದೆ ಮಟ್ಟವನ್ನು ನೋಡುವುದು ವ್ಯರ್ಥ. ಈ ಕಾರಣಗಳನ್ನೆಲ್ಲ ನಾವು ಒಪ್ಪುತ್ತೇವೆ. ಆದರೆ ಅಳೆಯುವ ಕ್ರಮ ಕಷ್ಟವಾದುದೆಂದು ಅಳತೆಯನ್ನೇ ಮರೆಮಾಡಬೇಕೆ? ಕ್ರಮವನ್ನು ಕಲಿಸಬಾರದೆ?

ಕ್ರಮವೇನೂ ಗುಟ್ಟಿನದಲ್ಲ. ಮುಚ್ಚಿದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ತುಂಬುವ ಬೋಲ್ಟು, ಮಟ್ಟದ ಬೋಲ್ಟು ಎಂದಿರುತ್ತವೆ. ಎಷ್ಟೋ ಪೆಟ್ಟಿಗೆಗಳಲ್ಲಿ ಮಟ್ಟದ ಬೋಲ್ಟಿನ ಮೇಲೆ ಒಳಗಡೆ ಚಿಕ್ಕದೊಂದು ಕೊಳವೆ ನಿಂತಿರುತ್ತದೆ. ಕಾರನ್ನು ನಾಲ್ಕೂ ಚಕ್ರಗಳು ಸಮಮಟ್ಟದಲ್ಲಿರುವಂತೆ ಮೇಲೆತ್ತಿ, ಎಂಜಿನನ್ನು ಚಾಲೂ ಇಟ್ಟು, ಬ್ರೇಕನ್ನು ಒತ್ತಿಹಿಡಿದು ಗೇರಿನ ಹಿಡಿಯನ್ನು ಎಲ್ಲ ಸ್ಥಾನಗಳಲ್ಲೂ ಒಮ್ಮೆ ಆಡಿಸಬೇಕು. ಎಣ್ಣೆಯು ಕಂಪನಿ ಹೇಳಿದ ಉಷ್ಣತೆಗೆ ಬಂದಾಗ ಮಟ್ಟದ ಬೋಲ್ಟನ್ನು ಬಿಚ್ಚಬೇಕು. ಸಣ್ಣ ಧಾರೆಯಾಗಿ ಹರಿದು ಹನಿಗಟ್ಟಿದರೆ ಮಟ್ಟ ಸರಿ. ಏನೂ ಬಾರದಿದ್ದರೆ, ಬರುವವರೆಗೆ ತುಂಬುವ ಕಿಂಡಿಯಿಂದ ಹಾಕಬೇಕು. ಈ ಉಷ್ಣತೆ ಕೆಲವು ಪೆಟ್ಟಿಗೆಗಳಲ್ಲಿ ೩೫ರಿಂದ ೪೫ ಡಿಗ್ರಿ, ಕೆಲವದರಲ್ಲಿ ೩೦ರಿಂದ ೫೦, ಮತ್ತೆ ಕೆಲವದರಲ್ಲಿ ಇನ್ನೂ ಹೆಚ್ಚು. ಅದನ್ನು ಗ್ಯಾರೇಜಿನವರು ಸ್ಟಿಯರಿಂಗಿನ ಕೆಳಗಿನ ಕಿಂಡಿಗೆ ಸ್ಕ್ಯಾನರನ್ನು ಚುಚ್ಚಿ ಓದುತ್ತಾರೆ.

ಇಲ್ಲಿ ನಮ್ಮ ಊರುಗಳಿಗೆ ವಿಶೇಷವಾದ ತೊಡಕೊಂದಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಹಾನಗಲ್ಲಿನಲ್ಲಿಯೂ ಹಿರೇಕೆರೂರಿನಲ್ಲಿಯೂ ಗಾಳಿಯ ಉಷ್ಣತೆಯೇ ೩೫ನ್ನು ದಾಟುವುದು ಅಪೂರ್ವವಲ್ಲ. ಬಿಸಿಲಲ್ಲಿ ಓಡಿಬಂದ ಕಾರಿನ ಎಣ್ಣೆ ಆಗ ೮೦ರ ಮೇಲಿರುತ್ತದೆ. ಅದು ೪೫ಕ್ಕೆ ಇಳಿಯಲು ಗಂಟೆಗಟ್ಟಲೆ ಕಾಯಬೇಕು. ಕಾಯದೆ ಬೋಲ್ಟು ಬಿಚ್ಚಿದರೆ, ಹಿಗ್ಗಿ ನಿಂತ ಎಣ್ಣೆ ಹೊರಗೆ ಸುರಿದುಹೋಗಿ, ಪೆಟ್ಟಿಗೆ ಆರಿದ ಮೇಲೆ ಮಟ್ಟ ಕಡಮೆ ಬೀಳುತ್ತದೆ. ಈ ಕೆಲಸಕ್ಕೆ ನಮ್ಮಲ್ಲಿ ಮುಂಜಾವೇ ಒಳ್ಳೆಯ ಸಮಯ. ಕಾರನ್ನು ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಬಿಡುವುದು ಲೇಸು.

ಬದಲಿಸುವ ವಿಷಯದಲ್ಲಿ ಮೇಸ್ತ್ರಿಗಳು ಮರೆಯಬಾರದ ಮಾತೊಂದಿದೆ: ಮೊದಲು ತುಂಬುವ ಬೋಲ್ಟನ್ನು ಬಿಚ್ಚಿ ನೋಡಬೇಕು, ಅನಂತರ ಇಳಿಸುವ ಬೋಲ್ಟನ್ನು. ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ತುಂಬುವ ಬೋಲ್ಟು ತುಕ್ಕು ಹಿಡಿದು ಅಲುಗದಿದ್ದರೆ ಕಾರು ಅಲ್ಲಿಯೇ ಉಳಿಯುತ್ತದೆ. ಇಳಿದ ಎಣ್ಣೆಯನ್ನು ಅಳತೆಯ ಪಾತ್ರೆಯಲ್ಲಿ ಹಿಡಿದಿಟ್ಟರೆ ಎಷ್ಟು ಹಾಕಬೇಕೆಂಬುದಕ್ಕೆ ಒಂದು ಅಂದಾಜು ಸಿಗುತ್ತದೆ. ತಳದ ತಟ್ಟೆಯ ಅಯಸ್ಕಾಂತಕ್ಕೆ ಹತ್ತಿದ ಬೂದು ಬಣ್ಣದ ನುಣುಪು ಕೆಸರು ಸಹಜವಾದ ಸವೆತ. ಲೋಹದ ಚೂರುಗಳಿದ್ದರೆ ಒಳಗೆ ಏನೋ ಮುರಿದಿದೆ. ಇಳಿಸುವ ಬೋಲ್ಟಿನಿಂದ ಎಣ್ಣೆಯೆಲ್ಲವೂ ಬರುವುದಿಲ್ಲ. ಟಾರ್ಕ್ ಕನ್ವರ್ಟರಿನಲ್ಲಿಯೂ ಕಾಲುವೆಗಳಲ್ಲಿಯೂ ಬಹಳಷ್ಟು ಉಳಿದುಬಿಡುತ್ತದೆ. ಒಂದು ಸಲಕ್ಕೆ ನೂರಕ್ಕೆ ೪೦ರಷ್ಟು ಹೊಸದಾಯಿತೆನ್ನೋಣ. ಉಳಿದ ಹಳೆಯದು ಮೊದಲ ಸಲ ೬೦, ನಡುವೆ ಕಾರನ್ನು ಓಡಿಸಿ ಎರಡನೆಯ ಸಲ ಬದಲಿಸಿದಾಗ ೩೬, ಮೂರನೆಯ ಸಲ ಸುಮಾರು ೨೨. ಗುಣೋತ್ತರ ಶ್ರೇಢಿಯು ಪರೀಕ್ಷೆಗೆ ಮಾತ್ರ ಬೇಕಾದುದೆಂದು ತಿಳಿದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಹಾಗೆಂದು ಮನೆಯಂಗಳದಲ್ಲಿ ಬರಿಯ ಜಾಕಿನ ಮೇಲೆ ನಿಂತ ಕಾರಿನಡಿಗೆ ಯಾರೂ ನುಸುಳಬಾರದು. ಅದು ಪ್ರಾಣಕ್ಕೆ ಎರವಾಗುವ ಕೆಲಸ.

ಎಣ್ಣೆ ಬದಲಿಸಿದ್ದರಿಂದಲೇ ಪೆಟ್ಟಿಗೆ ಕೆಟ್ಟಿತು ಎಂಬ ಮಾತೂ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಜಾರತೊಡಗಿದ ಮೇಲೆ ಬದಲಿಸಿದವರ ಅನುಭವ ಅದು. ಸವೆದ ಬಿಲ್ಲೆಗೆ ಹೊಸ ಎಣ್ಣೆ ಔಷಧವಲ್ಲ.

ಇಷ್ಟೆಲ್ಲ ತಿಳಿವಳಿಕೆ ಕಂಪನಿಗಳ ದುರಸ್ತಿ ಪುಸ್ತಕಗಳಲ್ಲಿದೆ. ತಾಲ್ಲೂಕು ಊರಿನ ಮೇಸ್ತ್ರಿಯ ಕೈಯಲ್ಲಿಲ್ಲ. ಭಾರತದ ಸ್ಪರ್ಧಾ ಆಯೋಗವು ೨೦೧೪ರ ಆಗಸ್ಟಿನಲ್ಲಿ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು ೨,೫೪೪ ಕೋಟಿ ರೂಪಾಯಿಗಳಿಗೂ ಮಿಕ್ಕಿದ ದಂಡ ವಿಧಿಸಿದುದು, ಬಿಡಿಭಾಗಗಳನ್ನೂ ದುರಸ್ತಿಯ ಪುಸ್ತಕ ಮತ್ತು ಪರೀಕ್ಷಾ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ದೊರೆಯದಂತೆ ಮಾಡಿದ ಕಾರಣಕ್ಕಾಗಿಯೇ. ವ್ಯಾಜ್ಯ ಆಮೇಲೆ ಮೇಲಿನ ನ್ಯಾಯಸ್ಥಾನಗಳಿಗೆ ಹೋಯಿತು. ೨೦೨೨ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ‘ದುರಸ್ತಿಯ ಹಕ್ಕಿ’ಗಾಗಿ ಸಮಿತಿಯೊಂದನ್ನು ನೇಮಿಸಿ, ಒಕ್ಕಲುತನದ ಯಂತ್ರಗಳೊಡನೆ ಮೋಟಾರು ವಾಹನಗಳನ್ನೂ ಅದರ ವಿಚಾರಕ್ಕೆ ಒಪ್ಪಿಸಿತು. ಇವು ಒಳ್ಳೆಯ ಹೆಜ್ಜೆಗಳೇ. ಆದರೆ ಸವಣೂರಿನ ಗ್ಯಾರೇಜಿನಲ್ಲಿ ಕಾರಿನಡಿ ಮಲಗಿದವನಿಗೆ ಈ ಹೊತ್ತು ಬೇಕಾಗಿರುವುದು ನಾಲ್ಕು ಸಂಗತಿ ಮಾತ್ರ: ಎಣ್ಣೆಯ ಹೆಸರು, ಅದರ ಪ್ರಮಾಣ, ಮಟ್ಟ ನೋಡಬೇಕಾದ ಉಷ್ಣತೆ, ಬೋಲ್ಟನ್ನು ಬಿಗಿಯಬೇಕಾದ ಬಲ.

ಡಿಪ್‌ಸ್ಟಿಕ್ಕನ್ನು ಮರಳಿ ಕೊಡಿರೆಂದು ನಾವು ಹಟ ಹಿಡಿಯುವುದಿಲ್ಲ. ಈ ನಾಲ್ಕು ಸಂಗತಿಗಳನ್ನು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಅಚ್ಚು ಹಾಕಿ ಬಾನೆಟ್ಟಿನ ಒಳಬದಿಗೆ ಅಂಟಿಸಬೇಕೆಂಬುದು ನಮ್ಮ ಬೇಡಿಕೆ. ಟೈರಿಗೆ ಎಷ್ಟು ಗಾಳಿ ಹಾಕಬೇಕೆಂಬ ಚೀಟಿಯನ್ನು ಚಾಲಕನ ಬಾಗಿಲ ಬಳಿ ಕಂಪನಿಗಳು ಈಗಾಗಲೇ ಅಂಟಿಸುತ್ತಿವೆ.