ಕಟ್ಟೋಕೆ ನಾವು ಬೇಕು, ಓಟಿಗೆ ಬೇಡವೇ?



ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದ ನಮ್ಮ ಜನ ಬೆಂಗಳೂರಿನ ಬಿಲ್ಡಿಂಗು ಕಟ್ಟುತ್ತಾರೆ. ಕಟ್ಟಿ ಮುಗಿದ ಮೇಲೆ ಅದೇ ಗೇಟಿನೊಳಗೆ ಕಾಲಿಡುವಂತಿಲ್ಲ. ಅವರ ತಗಡಿನ ಶೆಡ್ಡಿಗೆ ನೀರಿಲ್ಲ, ಕಕ್ಕಸಿಲ್ಲ. ಕೇಳಹೋದರೆ, 'ನಿಮ್ಮ ಓಟು ಎಲ್ಲಿದೆಯೋ ಅಲ್ಲಿ ಹೋಗಿ ಕೇಳ್ರಿ' ಅನ್ನುತ್ತಾರೆ. ಇತ್ತ ಹಾಸ್ಟೆಲಿನಲ್ಲಿ ಕೂತ ನಾವು, 'ಕೂಲಿ ಜನಕ್ಕೆ ರಾಜಕೀಯ ಪ್ರಜ್ಞೆ ಇಲ್ಲ' ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಳ್ಳುತ್ತೇವೆ. ನಾಚಿಕೆಯಾಗಬೇಕು!

ಈ ಮಾತು ಸುಳ್ಳು ಅಂತ ತೋರಿಸುವ ಸಂಶೋಧನೆ ಇದೆ. ಅಮೆರಿಕದಲ್ಲಿ ರಾಜ್ಯಶಾಸ್ತ್ರ ಕಲಿಸುವ ನಿಖರ್ ಗಾಯಕ್ವಾಡ್ ಮತ್ತು ಗ್ಯಾರೆತ್ ನೆಲ್ಲಿಸ್ ನಮ್ಮ ದೇಶದ ನಗರಗಳಲ್ಲೇ ನಡೆಸಿ 2021ರಲ್ಲಿ ಪ್ರಕಟಿಸಿದ್ದು. ಸಹಾಯ ಕೇಳುವ ಕಾಗದಗಳನ್ನು ಕಾರ್ಪೊರೇಟರುಗಳಿಗೆ ಕಳಿಸಿ ನೋಡಿದರು. ಬರೆದವನು ಊರಿಗೆ ಹೊಸಬ ಅಂತ ಕಂಡರೆ ಜವಾಬು ಶೇಕಡಾ 23ರಷ್ಟು ಇಳಿಯಿತು. ಪರಊರಿನವರ ಮೇಲಿನ ದ್ವೇಷ ಇದಕ್ಕೆ ಕಾರಣವಾಗಿ ಕಾಣಲಿಲ್ಲ. ಹೊಸಬನ ಹೆಸರು ಓಟಿನ ಪಟ್ಟಿಯಲ್ಲಿದೆ ಅಂತ ಗೊತ್ತಾದಾಗ ಜವಾಬು ಏರಿತು. ಓಟಿಲ್ಲದವನು ಇವರ ಕಣ್ಣಿಗೆ ಮನುಷ್ಯನೇ ಅಲ್ಲ!

ದೆಹಲಿ, ಲಖನೌಗಳಲ್ಲಿ ಮನೆಮನೆಗೆ ಹೋಗಿ, ಹೆಸರು ಸೇರಿಸಲು ವಲಸೆಗಾರರಿಗೆ ನೆರವಾದದ್ದು ಇವರ ಇನ್ನೊಂದು ಅಧ್ಯಯನ. ನೆರವು ಸಿಕ್ಕ ಕಡೆ, ಸಿಗದ ಕಡೆಗಿಂತ ನೂರಕ್ಕೆ 24 ಜನ ಹೆಚ್ಚು ಹೆಸರು ಬರೆಸಿದರು. 2019ರ ಚುನಾವಣೆಯಲ್ಲಿ ಓಟು ಹಾಕಿದವರೂ ಹೆಚ್ಚಿದರು. ಹುಟ್ಟೂರಿನ ನಂಟು ಅವರ ಮನಸ್ಸಿಗೆ ಅಡ್ಡ ಬರಲಿಲ್ಲ. ಅಡ್ಡ ಇದ್ದದ್ದು ಕಾಗದ.

ವಿದ್ವಾಂಸರು ಇದನ್ನು ಕಚೇರಿಯ ತೊಡಕು ಅನ್ನುತ್ತಾರೆ. ನಾವು ಇನ್ನೂ ಒಂದು ಪ್ರಶ್ನೆ ಕೇಳಬೇಕು: ಆ ಕಾಗದ ಯಾರ ಕೈಲಿದೆ? ಜಾತಿ ಕೇಳಿ ಬಾಗಿಲು ಹಾಕುವ ಮಾಲೀಕ ಬಾಡಿಗೆ ಕರಾರು ಬರೆದುಕೊಡುತ್ತಾನೆಯೇ? ಶೆಡ್ಡಿಗೆ ಡೋರ್ ನಂಬರು ಎಲ್ಲಿಂದ ತರೋದು? ಬಾವಿಗೆ ಹಾಕಿದ್ದ ಬೇಲಿಯೇ ಈಗ ಕಾಗದವಾಗಿ ನಿಂತಿದೆ. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಅಸ್ಪೃಶ್ಯರ ಮತಾಧಿಕಾರದ ಬಗ್ಗೆ ಸಾಕ್ಷ್ಯ ನುಡಿದ ಬಾಬಾಸಾಹೇಬರು, 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಕರಿಗೆಲ್ಲ ಓಟು ಕೊಡಿ ಎಂದು ಕೇಳಿದರು. ಆ ಓಟು ಒಂದು ಬಾಡಿಗೆ ಚೀಟಿಗೆ ಸೋಲಬೇಕೇ?

'ಓಟಿಂದ ಏನಾಗುತ್ತೆ, ಎಲ್ಲಾ ಕಳ್ಳರೇ' ಅನ್ನುವ ಕ್ರಾಂತಿಕಾರಿಗಳು ನಮ್ಮಲ್ಲೂ ಇದ್ದಾರೆ. ಓಟು ಬಂದ ಮಾರನೇ ದಿನ ನಲ್ಲಿ ಬರೋದಿಲ್ಲ, ಗೊತ್ತು. ಆದರೆ ಪಟ್ಟಿಯಲ್ಲೇ ಇಲ್ಲದವರ ಧರಣಿಗೆ ಯಾವ ನಾಯಕ ಹೆದರುತ್ತಾನೆ?

ಹೊಸ ಹೆಸರಿಗೆ ಫಾರಂ 6. ಊರಿನ ಪಟ್ಟಿಯಿಂದ ಇಲ್ಲಿಗೆ ಬದಲಾಯಿಸಲು ಫಾರಂ 8. ಸೂರಿಲ್ಲದವರ ವಿಷಯದಲ್ಲಿ ಬೂತ್ ಅಧಿಕಾರಿಯೇ ರಾತ್ರಿ ಬಂದು, ಅವರು ಅಲ್ಲೇ ಮಲಗುವುದನ್ನು ನೋಡಿ ಖಾತ್ರಿ ಮಾಡಿಕೊಳ್ಳಬೇಕು ಅಂತ ಚುನಾವಣಾ ಆಯೋಗವೇ ಹೇಳಿದೆ. ಓಟು ಊರಲ್ಲಿರಬೇಕೋ ಇಲ್ಲಿರಬೇಕೋ, ಅದು ಅವರ ತೀರ್ಮಾನ. ಗುಮಾಸ್ತನದಲ್ಲ, ನಮ್ಮದೂ ಅಲ್ಲ.

ಒಂದೊಂದು ಹಾಸ್ಟೆಲಿನವರು ಒಂದೊಂದು ಶೆಡ್ಡಿಗೆ ಹೊರಡೋಣ. ಭಾಷಣ ಬೇಡ, ಜೇಬಲ್ಲಿ ಪೆನ್ನಿರಲಿ. ಹೆಬ್ಬೆಟ್ಟು ಒತ್ತಿ ನಮ್ಮನ್ನು ಓದಿಸಿದ ಅವ್ವ ಅಪ್ಪಂದಿರ ಸಾಲ ಅಷ್ಟಾದರೂ ತೀರಲಿ.

ಜೈ ಭೀಮ್!